‘ಖಾಲಿ’ ಅಂತ ತೋರಿಸ್ತದೆ, ಒಳಗೆ ಜನ ಇದ್ದಾರೆ: ಮೀಟಿಂಗ್ ರೂಮ್ ಬುಕಿಂಗ್ ದೋಷ ನಿವಾರಣೆ ಕೈಪಿಡಿ

ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಚಂದ್ರಗಿರಿ ಕೋಣೆಯ ಬಾಗಿಲಲ್ಲಿ ಎರಡು ಗುಂಪು. ಒಂದು ಕಡೆ ವಕೀಲರು, ಅವರ ಹಿಂದೆ ನೀರು ತೊಟ್ಟಿಕ್ಕುವ ಕೊಡೆ ಹಿಡಿದ ಮೂವರು ಕಕ್ಷಿದಾರರು. ಇನ್ನೊಂದು ಕಡೆ ದುಬೈ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವ ನಾಲ್ವರು ಹುಡುಗರು, ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡು. ಇಬ್ಬರ ಫೋನಿನಲ್ಲೂ ಹತ್ತು ಗಂಟೆಗೆ ಚಂದ್ರಗಿರಿ ಕೋಣೆಯ ಬುಕಿಂಗ್ ಉಂಟು. ಬಾಗಿಲ ಪಕ್ಕದ ಗೋಡೆಯ ಟ್ಯಾಬ್ ಮಾತ್ರ ಹಸಿರು ಬಣ್ಣದಲ್ಲಿ ‘ಖಾಲಿ’ ಎನ್ನುತ್ತಿತ್ತು.

“ನೋಡಿ ಮಾರಾಯ್ರೇ, ಪುಸ್ತಕ ಇದ್ದಾಗ ಇದೆಲ್ಲ ರಗಳೆ ಇರ್ಲಿಲ್ಲ” ಎಂದರು ವಕೀಲರು.

ಹೊಸ ಬುಕಿಂಗ್ ವ್ಯವಸ್ಥೆ ತಂದು ಆಗ ಮೂರು ವಾರ. ಆ ಬೆಳಿಗ್ಗೆ ಒಂದೇ ಬಾಗಿಲಲ್ಲಿ ಮೂರು ಬೇರೆ ಬೇರೆ ದೋಷ ಒಟ್ಟಿಗೆ ನಿಂತಿದ್ದವು ಎಂದು ಗೊತ್ತಾಗಲು ನನಗೆ ಮಧ್ಯಾಹ್ನದವರೆಗೆ ಬೇಕಾಯಿತು. ನಮ್ಮ ಹಾಗೆ ಹಲವರು ಹಂಚಿಕೊಂಡು ಕೆಲಸ ಮಾಡುವ ಜಾಗಗಳಲ್ಲಿ ಈ ಕೆಲಸ ತಲೆಗೆ ಕಟ್ಟಿಕೊಂಡವರಿಗೆ ಅಷ್ಟು ಹೊತ್ತು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನ ವಿದ್ಯಾನಗರದ ಬಳಿ, ಹಳೆಯ ಮುರಕಲ್ಲಿನ ಮನೆಯೊಂದನ್ನು ಕಚೇರಿ ಮಾಡಿಕೊಂಡ ಜಾಗ. ನ್ಯಾಯಾಲಯ, ಜಿಲ್ಲಾಧಿಕಾರಿ ಕಚೇರಿ ಎರಡೂ ಹತ್ತಿರ ಇರುವುದರಿಂದ ವಕೀಲರು, ಜಿಎಸ್‌ಟಿ ಲೆಕ್ಕ ಬರೆಯುವವರು, ಕಟ್ಟಡದ ನಕ್ಷೆ ಮಾಡುವವರು ಎಲ್ಲ ಇದ್ದಾರೆ. ಶನಿವಾರ ಕನ್ನಡ ಮಾಧ್ಯಮದ ಮಾಷ್ಟ್ರುಗಳ ಒಂದು ಬಳಗ ಬರುತ್ತದೆ. ಮೀಟಿಂಗ್ ಕೋಣೆ ನಾಲ್ಕು. ಜಿಲ್ಲೆಯಲ್ಲಿ ಹೊಳೆ ಹನ್ನೆರಡು, ನಮಗೆ ಸಿಕ್ಕಿದ ಕೋಣೆಗಳಷ್ಟಕ್ಕೆ ಹೆಸರಿಟ್ಟೆವು: ಚಂದ್ರಗಿರಿ, ಶಿರಿಯ, ಉಪ್ಪಳ, ಮೊಗ್ರಾಲ್. ಪ್ರತಿ ಬಾಗಿಲಿಗೆ ಒಂದು ಟ್ಯಾಬ್. ಬುಕ್ ಮಾಡುವುದು ಫೋನಿನಿಂದ ಅಥವಾ ಕಂಪ್ಯೂಟರಿನಿಂದ. ಅದಕ್ಕೂ ಮೊದಲು ಇದ್ದದ್ದು ರಿಸೆಪ್ಷನ್ ಮೇಜಿನ ಮೇಲಿನ ಉದ್ದ ರಿಜಿಸ್ಟರ್, ದಾರ ಕಟ್ಟಿದ ಪೆನ್ನು.

ಮುಟ್ಟುವ ಮೊದಲು ಕೇಳಬೇಕಾದ್ದು

“ಸಿಸ್ಟಮ್ ಸರಿ ಇಲ್ಲ” ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ಮೂರು ಪ್ರಶ್ನೆ ಕೇಳಿ. ಎಷ್ಟು ಆಚೀಚೆ ಆಗಿದೆ? ಯಾವಾಗಿನಿಂದ? ಯಾರಿಗೆಲ್ಲ? ಒಬ್ಬರಿಗೆ ಮಾತ್ರ ಆದರೆ ದೋಷ ಅವರ ಫೋನಿನಲ್ಲಿ ಅಥವಾ ಅವರು ಬುಕ್ ಮಾಡಿದ ರೀತಿಯಲ್ಲಿ. ಒಂದೇ ಕೋಣೆಗೆ ಆದರೆ ಆ ಟ್ಯಾಬ್ ಅಥವಾ ಆ ಕೋಣೆಯ ಸೆಟ್ಟಿಂಗ್. ಎಲ್ಲರಿಗೂ ಎಲ್ಲ ಕೋಣೆಗೂ ಒಟ್ಟಿಗೆ ಆದರೆ ಮಾತ್ರ ಸರ್ವರಿನ ಕಡೆ, ಇಲ್ಲವೇ ನಿಮ್ಮ ಇಂಟರ್ನೆಟ್ಟಿನ ಕಡೆ ನೋಡಿ. ನಮ್ಮಲ್ಲಿ ಈ ಮೂರನೆಯದು ಬಂದದ್ದು ಬಹಳ ಕಡಿಮೆ.

ಟ್ಯಾಬನ್ನು ರೀಸ್ಟಾರ್ಟ್ ಮಾಡುವ ಆಸೆ ಕೈಗೆ ಬರುತ್ತದೆ, ತಡೆಯಿರಿ. ಮೊದಲ ಎರಡು ವಾರ ನಾನು ಮಾಡಿದ್ದು ಅದನ್ನೇ. ರೀಸ್ಟಾರ್ಟ್ ಮಾಡಿದರೆ ಪರದೆ ಸರಿಯಾಗುತ್ತದೆ, ಸುಳಿವೂ ಅಳಿಸಿಹೋಗುತ್ತದೆ, ನಾಳೆ ಅದೇ ದೋಷ ಪುನಃ ಬರುತ್ತದೆ. ಮೊದಲು ಟ್ಯಾಬಿನ ಪರದೆಯದ್ದೂ ದೂರು ಹೇಳಿದವರ ಫೋನಿನದ್ದೂ ಒಂದೊಂದು ಫೋಟೋ ತೆಗೆಯಿರಿ. ಎರಡರಲ್ಲೂ ಗಡಿಯಾರ ಕಾಣುವ ಹಾಗಿರಲಿ.

“ಇಬ್ಬರಿಗೂ ಬುಕಿಂಗ್ ಉಂಟು, ಕೋಣೆ ಒಂದೇ”

ಫೋನು ನೋಡಬೇಡಿ, ಕೋಣೆಯ ಸ್ವಂತ ಕ್ಯಾಲೆಂಡರ್ ತೆರೆಯಿರಿ. ಆಡಳಿತದ ಪುಟದಲ್ಲಿ ಪ್ರತಿ ಕೋಣೆಗೂ ಒಂದು ಇರುತ್ತದೆ. ಫೋನಿನಲ್ಲಿ ಕಾಣುವುದು ಆ ವ್ಯಕ್ತಿಯ ಕ್ಯಾಲೆಂಡರ್. ಅಲ್ಲಿ ಏನು ಬರೆದುಕೊಂಡರೂ ಕೋಣೆಗೆ ಅದರ ಸುದ್ದಿ ಮುಟ್ಟಬೇಕೆಂದಿಲ್ಲ.

ಆ ಸೋಮವಾರ ಚಂದ್ರಗಿರಿಯ ಕ್ಯಾಲೆಂಡರ್ ತೆರೆದರೆ ವಕೀಲರ ಹೆಸರು ಎಲ್ಲೂ ಇಲ್ಲ. ಅವರು ಫೋನಿನಲ್ಲಿ ಹೊಸ ಮೀಟಿಂಗ್ ಮಾಡಿ, ‘ಸ್ಥಳ’ ಎಂಬ ಜಾಗದಲ್ಲಿ ‘ಚಂದ್ರಗಿರಿ’ ಎಂದು ಕೈಯಾರೆ ಟೈಪ್ ಮಾಡಿದ್ದರು. ಅದು ಬರೀ ಬರಹ. ಅಲ್ಲಿ ‘ಬೇಕಲ ಕೋಟೆ’ ಎಂದು ಬರೆದರೂ ಫೋನು ಹೂಂ ಅನ್ನುತ್ತದೆ, ಹಾಗಂತ ಕೋಟೆ ನಿಮ್ಮ ಹೆಸರಿಗೆ ಬುಕ್ ಆಗುವುದಿಲ್ಲ. ಕೋಣೆಯನ್ನು ಪಟ್ಟಿಯಿಂದ ಆರಿಸಿ ಸೇರಿಸಬೇಕು. ಆಗ ಕೋಣೆಗೂ ಮನುಷ್ಯರಿಗೆ ಹೋದ ಹಾಗೆ ಒಂದು ಆಹ್ವಾನ ಹೋಗಿ, ಅದು ‘ಒಪ್ಪಿದೆ’ ಎಂದು ಮರು ಉತ್ತರ ಕೊಡುತ್ತದೆ. ಆ ಉತ್ತರ ಬಾರದಿದ್ದರೆ ಬುಕಿಂಗ್ ಆಗಿಲ್ಲ. ನಮ್ಮಲ್ಲಿ ಬಂದ ‘ಎರಡೆರಡು ಬುಕಿಂಗ್’ ದೂರುಗಳಲ್ಲಿ ಹೆಚ್ಚಿನವು ಇದೇ ಆಗಿದ್ದವು. ಹಾಗಾಗಿ ಬೇರೇನನ್ನೂ ಹುಡುಕುವ ಮೊದಲು ಇದನ್ನು ನೋಡಿ.

ಎರಡೂ ಬುಕಿಂಗ್ ಕೋಣೆಯ ಕ್ಯಾಲೆಂಡರಿನಲ್ಲೇ ಒಂದರ ಮೇಲೊಂದು ಕೂತಿದ್ದರೆ ಮಾತ್ರ ಕೋಣೆಯ ಸೆಟ್ಟಿಂಗ್ ನೋಡಬೇಕು. ಘರ್ಷಣೆಗೆ ಅವಕಾಶ ಕೊಡುವ ಒಂದು ಆಯ್ಕೆ ಇರುತ್ತದೆ. ಕಚೇರಿಗಳ ಮೇಲ್, ಕ್ಯಾಲೆಂಡರ್ ನಡೆಸುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಾದರೆ ಅದು ಮೂಲತಃ ಮುಚ್ಚಿಯೇ ಇರುತ್ತದೆ. ತೆರೆದಿದ್ದರೆ ಯಾರೋ ತೆರೆದಿದ್ದಾರೆ ಎಂದೇ ಅರ್ಥ. ನಮ್ಮಲ್ಲಿ ಉಪ್ಪಳ ಕೋಣೆಗೆ ಅದನ್ನು ತೆರೆದವನು ನಾನೇ, ಪರೀಕ್ಷೆ ಮಾಡಿ ನೋಡುವಾಗ. ಮುಚ್ಚಲು ಮರೆತಿದ್ದೆ.

ಪ್ರತಿ ವಾರದ ಬುಕಿಂಗಿನ ಕಥೆ ಬೇರೆ. ಮಾಷ್ಟ್ರುಗಳ ಬಳಗದ ಹಿರಿಯರು ಜೂನ್ ಮೊದಲಿಗೇ, ಪ್ರತಿ ಶನಿವಾರ 3 ಗಂಟೆಗೆ ಎಂದು ಮಾರ್ಚ್ ಕೊನೆಯವರೆಗೆ ಒಂದೇ ಸಲ ಹಾಕಿದರು. ಕೋಣೆ ಪೂರ್ತಿ ಸರಣಿಯನ್ನೇ ತಿರಸ್ಕರಿಸಿತು. “ಒಂದು ಶನಿವಾರವೂ ಖಾಲಿ ಇಲ್ವಾ?” ಎಂದು ಅವರಿಗೆ ಬೇಸರ. ಖಾಲಿ ಎಲ್ಲವೂ ಇತ್ತು. ಕೋಣೆಗಳಿಗೆ ‘ಎಷ್ಟು ದಿನ ಮುಂಚಿತವಾಗಿ’ ಎಂಬ ಮಿತಿ ಇರುತ್ತದೆ. ಎಕ್ಸ್‌ಚೇಂಜ್‌ನಲ್ಲಿ ನೀವು ಬದಲಾಯಿಸದಿದ್ದರೆ ಅದು 180 ದಿನ, ಸರಣಿಯ ಕೊನೆಯ ದಿನ ಆ ಗೆರೆ ದಾಟಿದರೆ ಇಡೀ ಸರಣಿಗೇ ಇಲ್ಲ ಎನ್ನುತ್ತದೆ. ಶಾಲೆಯ ವರ್ಷ ಜೂನ್‌ನಿಂದ ಮಾರ್ಚ್, ಅದು 180 ದಿನದೊಳಗೆ ಹಿಡಿಸುವುದಿಲ್ಲ. ಮಿತಿ ಹೆಚ್ಚಿಸಬಹುದಿತ್ತು, ನಾನು ಹೆಚ್ಚಿಸಲಿಲ್ಲ: ವರ್ಷಪೂರ್ತಿ ಹಿಡಿದಿಟ್ಟ ಕೋಣೆಗೆ ಮೂರು ತಿಂಗಳ ನಂತರ ಯಾರೂ ಬರುವುದಿಲ್ಲ. ಜೂನ್‌ನಿಂದ ನವೆಂಬರ್ ಮಧ್ಯದವರೆಗೆ ಒಂದು ಸರಣಿ, ಉಳಿದದ್ದಕ್ಕೆ ಅಕ್ಟೋಬರ್ ಎರಡನೇ ವಾರ ಇನ್ನೊಂದು. ಮಿತಿಯ ಲೆಕ್ಕ ಬುಕ್ ಮಾಡುವ ದಿನದಿಂದ ಶುರುವಾಗುವುದರಿಂದ ಎರಡನೆಯದನ್ನು ಜೂನ್‌ನಲ್ಲೇ ಹಾಕಿ ಮುಗಿಸಲು ಬರುವುದಿಲ್ಲ.

ಇನ್ನೊಂದು ದೂರು ದೋಷವೇ ಅಲ್ಲ: “ನಾನು ಬರೆದ ವಿಷಯ ಕಾಣುವುದಿಲ್ಲ, ನನ್ನ ಹೆಸರೇ ಕಾಣ್ತದೆ.” ಎಕ್ಸ್‌ಚೇಂಜ್ ಕೋಣೆಗಳು ಮೀಟಿಂಗಿನ ವಿಷಯ ಅಳಿಸಿ ಬುಕ್ ಮಾಡಿದವರ ಹೆಸರು ಹಾಕುವುದು ಮೂಲ ಸೆಟ್ಟಿಂಗ್. ನಾಲ್ಕು ಕಸುಬಿನವರು ಓಡಾಡುವ ಜಾಗದಲ್ಲಿ ಅದೇ ಒಳ್ಳೆಯದು. ವಕೀಲರ ಕಕ್ಷಿದಾರರ ಹೆಸರು ಬಾಗಿಲ ಮೇಲೆ ಮಿನುಗುವುದು ಯಾರಿಗೆ ಬೇಕು?

“ಹೊತ್ತು ತಪ್ಪಿದೆ”

ಇಲ್ಲಿ ಗಡಿಯಾರದ ಅಂತರವೇ ದೋಷದ ಹೆಸರು ಹೇಳುತ್ತದೆ. ಬೇರಾವ ದೋಷವೂ ಇಷ್ಟು ಪ್ರಾಮಾಣಿಕವಾಗಿ ತಪ್ಪು ಒಪ್ಪಿಕೊಳ್ಳುವುದಿಲ್ಲ.

ಒಂದೂವರೆ ಗಂಟೆ ಆಚೀಚೆ ಆಗಿದ್ದರೆ ಗಲ್ಫ್. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ ಹುಡುಗರ ಫೋನಿನಲ್ಲಿ ಹತ್ತು ಗಂಟೆ ಎಂದು ಇದ್ದ ಬುಕಿಂಗ್ ಕೋಣೆಯ ಕ್ಯಾಲೆಂಡರಿನಲ್ಲಿ 11:30ಕ್ಕೆ ಇತ್ತು. ಅವರಲ್ಲಿ ಒಬ್ಬ ಹಿಂದಿನ ವಾರವಷ್ಟೇ ದುಬೈಯಿಂದ ಬಂದಿದ್ದ. “ಫೋನಿನ ಟೈಮ್ ಸರಿ ಉಂಟಲ್ಲಾ, ನೋಡಿ ಅಣ್ಣ” ಎಂದು ಮುಖದ ಮುಂದೆ ಹಿಡಿದ. ಸರಿಯೇ ಇತ್ತು. ವಿಮಾನ ಇಳಿದ ಕೂಡಲೇ ಫೋನಿನ ಗಡಿಯಾರ ತಾನಾಗಿ ಬದಲಾಗಿತ್ತು. ಆದರೆ ಕ್ಯಾಲೆಂಡರ್ ಆಪ್‌ನ ಒಳಗೆ ಬೇರೆಯೇ ಒಂದು ಸಮಯವಲಯ ಇರುತ್ತದೆ. ಅಲ್ಲಿದ್ದಾಗ ಯಾವಾಗಲೋ ಅದನ್ನು ಗಲ್ಫಿಗೆ ಕಟ್ಟಿಹಾಕಿದ್ದ. ಸಾಧನದ ಸಮಯವಲಯವನ್ನೇ ಬಳಸು ಎಂಬ ಆಯ್ಕೆ ಹಾಕಿದ ಮೇಲೆ ಬುಕಿಂಗ್ ತನ್ನ ನಿಜವಾದ ಜಾಗಕ್ಕೆ, ಅಂದರೆ 11:30ಕ್ಕೆ ಹಾರಿತು. ಇಲ್ಲಿ ಜನ ಎಡವುತ್ತಾರೆ: ಸೆಟ್ಟಿಂಗ್ ಸರಿಮಾಡಿದರೆ ಹಳೆಯ ಬುಕಿಂಗುಗಳು ಸರಿಯಾಗುವುದಿಲ್ಲ. ಒಂದೊಂದನ್ನೂ ಕೈಯಿಂದಲೇ ಸರಿಸಬೇಕು. ಕಾಸರಗೋಡಿನಲ್ಲಿ ಗಲ್ಫಿಗೆ ಹೋಗಿಬಂದವರು ಇಲ್ಲದ ಕಚೇರಿಯೇ ಇಲ್ಲವಾದ್ದರಿಂದ ಈ ದೋಷಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ.

ಐದೂವರೆ ಗಂಟೆ ಆಗಿದ್ದರೆ ಯುಟಿಸಿ, ಅಂದರೆ ಜಾಗತಿಕ ಮೂಲ ಸಮಯ. ಇದರಲ್ಲಿ ದಿಕ್ಕೂ ಮುಖ್ಯ. ಬೆಳಿಗ್ಗೆ 10ರ ಬುಕಿಂಗ್ ಟ್ಯಾಬಿನಲ್ಲಿ ನಸುಕಿನ 4:30 ಎಂದು ಕಂಡರೆ ದಾಖಲೆ ಸರಿ ಇದೆ, ತೋರಿಸುವ ಟ್ಯಾಬಿಗೆ ತಾನು ಭಾರತದಲ್ಲಿದ್ದೇನೆ ಎಂದು ಗೊತ್ತಿಲ್ಲ. ಮಧ್ಯಾಹ್ನ 3:30 ಎಂದು ಕಂಡರೆ ಬುಕಿಂಗ್ ಒಳಗೆ ಹೋಗುವಾಗಲೇ ತಪ್ಪಾಗಿದೆ: ನಮ್ಮ ಹತ್ತು ಗಂಟೆಯನ್ನು ಯಾವುದೋ ಫಾರ್ಮ್ ಅಥವಾ ಫೈಲ್ ಜಾಗತಿಕ ಸಮಯ ಎಂದು ತಿಳಿದುಕೊಂಡಿದೆ. ಹಳೆಯ ಬುಕಿಂಗುಗಳನ್ನು ಫೈಲಿನಿಂದ ಒಟ್ಟಿಗೆ ಏರಿಸುವವರು ಮೊದಲು ಒಂದೇ ಒಂದು ಸಾಲು ಏರಿಸಿ ನೋಡಿ.

ಅರ್ಧ ಗಂಟೆ ಆಗಿದ್ದರೆ ಪಟ್ಟಿಯಲ್ಲಿ ಪಕ್ಕದ ಊರು ಆರಿಸಿದ್ದಾರೆ. ಕರಾಚಿ ನಮಗಿಂತ ಅರ್ಧ ಗಂಟೆ ಹಿಂದೆ, ಢಾಕಾ ಅರ್ಧ ಗಂಟೆ ಮುಂದೆ. ವಿಂಡೋಸ್‌ನಲ್ಲಿ ನಮ್ಮದು ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂಬ ಸಾಲು. ಅದರ ಕೆಳಗಿನ ಶ್ರೀಲಂಕಾದ ಸಾಲನ್ನು ಆರಿಸಿದ್ದರೆ ಗಾಬರಿ ಬೇಡ, ಅಲ್ಲಿಯೂ ಐದೂವರೆಯೇ.

ಸರಿಯಾಗಿ ಒಂದು ಗಂಟೆ, ಅದೂ ಮಾರ್ಚ್‌ನಿಂದ ಅಥವಾ ಅಕ್ಟೋಬರ್ ಕೊನೆ-ನವೆಂಬರ್‌ನಿಂದ ಎಂದರೆ ಅದು ದೋಷವಲ್ಲ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದೆ ಹಾಕುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ. 2026ರಲ್ಲಿ ಅದು ಮಾರ್ಚ್ 8 ಮತ್ತು ನವೆಂಬರ್ 1. ಬ್ರಿಟನ್, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ. ಅಲ್ಲಿಯವರು ಹಾಕಿದ ಪ್ರತಿ ವಾರದ ಮೀಟಿಂಗ್ ಅವರ ಗಡಿಯಾರಕ್ಕೆ ಅಂಟಿಕೊಂಡಿರುತ್ತದೆ, ಹಾಗಾಗಿ ನಮ್ಮಲ್ಲಿ ಒಂದು ಗಂಟೆ ಜಾರಿ ಬೇರೆಯವರ ಬುಕಿಂಗಿಗೆ ಡಿಕ್ಕಿ ಹೊಡೆಯುತ್ತದೆ. ಆ ತಿಂಗಳುಗಳು ಬರುವ ಮೊದಲು ಅಂಥ ಸರಣಿಗಳ ಪಟ್ಟಿ ತೆಗೆದು ಸಂಬಂಧಪಟ್ಟವರಿಗೆ ಹೇಳಿಬಿಡಿ. ಗಲ್ಫಿನಲ್ಲಿ ಈ ಪದ್ಧತಿ ಇಲ್ಲದಿರುವುದು ನಮ್ಮ ಪುಣ್ಯ.

“ಕೆಲವು ದಿನದ ಬುಕಿಂಗ್ ಮಾತ್ರ ಮಾಯ”

ನಮ್ಮ ಜಿಎಸ್‌ಟಿ ಅಕ್ಕನದ್ದು ಈ ದೂರು. ಜಿಎಸ್‌ಟಿಆರ್-1 ಸಲ್ಲಿಸಲು ತಿಂಗಳ 11 ಕೊನೆ, 3ಬಿಗೆ 20 (ಎರಡೂ ಪ್ರತಿ ತಿಂಗಳು ಕೊಡುವ ತೆರಿಗೆ ವಿವರಪಟ್ಟಿಗಳು). ಹಾಗಾಗಿ ಅವರು ಜುಲೈ 10ಕ್ಕೂ 19ಕ್ಕೂ ಶಿರಿಯ ಕೋಣೆ ಹಿಡಿದಿದ್ದರು. 19ರದ್ದು ಸರಿಯಾಗಿತ್ತು. 10ರದ್ದು ಇಲ್ಲವೇ ಇಲ್ಲ. “ನಾನು ಹಾಕಿದ್ದೇನೆ, ಸತ್ಯವಾಗಿ ಹಾಕಿದ್ದೇನೆ” ಎಂದು ಅವರು, ನಾನು ಹುಡುಕಿದರೆ ಎಲ್ಲೂ ಸಿಗುವುದಿಲ್ಲ. ಸಿಕ್ಕಿದ್ದು ಅಕ್ಟೋಬರ್ 7ರಲ್ಲಿ.

ಅವರ ಬ್ರೌಸರಿನ ಭಾಷೆ ಅಮೆರಿಕದ ಇಂಗ್ಲಿಷ್‌ಗೆ ಇತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 10/07 ಎಂದು ಟೈಪ್ ಮಾಡಿದರೆ ಅದು ಹತ್ತನೇ ತಿಂಗಳ ಏಳನೇ ದಿನ. 19/07 ಹಾಕಿದಾಗ ಹತ್ತೊಂಬತ್ತನೇ ತಿಂಗಳು ಇಲ್ಲದ ಕಾರಣ ಪುಟ ‘ತಪ್ಪು ದಿನಾಂಕ’ ಎಂದು ಕೆಂಪು ಗೆರೆ ಎಳೆದಿತ್ತು, ಆಗ ಅವರು ಕ್ಯಾಲೆಂಡರಿನ ಚಿತ್ರ ಒತ್ತಿ ದಿನ ಆರಿಸಿದ್ದರು. ಹಾಗಾಗಿ 12ರೊಳಗಿನ ತಾರೀಕುಗಳು ಮಾತ್ರ ತಪ್ಪಿ, ಮೇಲಿನವು ಸರಿ ಇದ್ದರೆ ಬೇರೆ ತನಿಖೆಯೇ ಬೇಡ. ಭಾಷೆಯನ್ನು ಭಾರತದ ಇಂಗ್ಲಿಷ್‌ಗೋ ಕನ್ನಡಕ್ಕೋ ಬದಲಾಯಿಸಿ, ತಾರೀಕು ಟೈಪ್ ಮಾಡುವುದನ್ನು ಬಿಡಿಸಿ.

“ಹಸಿರು ಉಂಟು, ಒಳಗೆ ಜನವೂ ಉಂಟು”

ಇದು ಮಳೆಗಾಲದ ದೋಷ. ಟ್ಯಾಬಿನ ಹಸಿರನ್ನು ನಂಬುವ ಮೊದಲು ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ಕೊನೆಯ ನವೀಕರಣ’ ಓದಿ. ಆ ಸೋಮವಾರ ಅಲ್ಲಿ ಇದ್ದದ್ದು ಭಾನುವಾರ ರಾತ್ರಿ 11:42. ರಾತ್ರಿ ಕರೆಂಟು ಹೋಗಿ ಬಂದಿತ್ತು, ಟ್ಯಾಬ್ ಬ್ಯಾಟರಿಯ ಮೇಲೆ ಜೀವ ಹಿಡಿದುಕೊಂಡು ಹಳೆಯ ಚಿತ್ರವನ್ನೇ ತೋರಿಸುತ್ತಿತ್ತು. ತಮಾಷೆ ಏನೆಂದರೆ, ಹತ್ತು ಗಂಟೆಗೆ ಚಂದ್ರಗಿರಿ ನಿಜಕ್ಕೂ ಖಾಲಿಯೇ ಇತ್ತು: ವಕೀಲರ ಬುಕಿಂಗ್ ಆಗಿರಲೇ ಇಲ್ಲ, ಹುಡುಗರದ್ದು 11:30ಕ್ಕೆ. ಹಳಸಿದ ಮಾಹಿತಿ ಇಟ್ಟುಕೊಂಡೇ ಟ್ಯಾಬ್ ಸರಿ ಉತ್ತರ ಕೊಟ್ಟಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಕಿದ ಆ 11:30ರ ಬುಕಿಂಗ್ ಮಾತ್ರ ಅದಕ್ಕೆ ಗೊತ್ತೇ ಇರಲಿಲ್ಲ.

ಕರೆಂಟು ಬಂದ ಮೇಲೆ ಎಲ್ಲವೂ ಒಟ್ಟಿಗೆ ಏಳುತ್ತದೆ, ಅದೇ ತೊಂದರೆ. ಮೋಡೆಮ್‌ಗೆ ಸಂಪರ್ಕ ಸಿಗುವ ಮೊದಲೇ ರೂಟರ್ ವೈಫೈ ಬಿಡುತ್ತದೆ, ಟ್ಯಾಬ್ ಅದಕ್ಕೆ ಅಂಟಿಕೊಂಡು ಇಂಟರ್ನೆಟ್ ಇಲ್ಲವೆಂದು ಎರಡು ಸಲ ನೋಡಿ ಸುಮ್ಮನಾಗುತ್ತದೆ. ವೈಫೈ ಚಿಹ್ನೆ ತುಂಬಿಯೇ ಇರುತ್ತದೆ, ಒಳಗೆ ಏನೂ ಹರಿಯುವುದಿಲ್ಲ. ಮೋಡೆಮ್, ಐದು ನಿಮಿಷ ಬಿಟ್ಟು ರೂಟರ್, ಕೊನೆಗೆ ಟ್ಯಾಬ್‌ಗಳು: ಈ ಕ್ರಮದಲ್ಲಿ ಎಬ್ಬಿಸಿ. ಮೋಡೆಮ್ ಮತ್ತು ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿದ ಮೇಲೆ ನಮ್ಮಲ್ಲಿ ಈ ದೂರು ಬಹುತೇಕ ನಿಂತಿತು. ವಿಚಿತ್ರವೆಂದರೆ ಅದುವರೆಗೆ ಇನ್ವರ್ಟರ್ ಲೈನಿನಲ್ಲಿ ಫ್ಯಾನು, ಬಲ್ಬು, ಚಹಾದ ಕೆಟಲ್ ಎಲ್ಲ ಇದ್ದವು, ರೂಟರ್ ಮಾತ್ರ ಇರಲಿಲ್ಲ.

ಮೊಗ್ರಾಲ್ ಕೋಣೆಯ ಟ್ಯಾಬಿಗೆ ಕರೆಂಟಿದ್ದರೂ ಸಂಪರ್ಕ ಹೋಗಿ ಬರುತ್ತಿತ್ತು. ಅದಕ್ಕೂ ರೂಟರಿಗೂ ನಡುವೆ ಎರಡು ಮುರಕಲ್ಲಿನ ಗೋಡೆ, ಒಂದಕ್ಕೆ ಗಾರೆಯೂ ಇಲ್ಲ. ಮುರಕಲ್ಲು ತೂತು ತೂತಿನ ಕಲ್ಲು, ಜೂನ್ ಕೊನೆಗೆ ಹೊರಗೋಡೆ ನೀರು ಕುಡಿದು ಕಪ್ಪಾಗುತ್ತದೆ. ನೀರಿದ್ದ ಕಡೆ ವೈಫೈ ಇನ್ನೂ ಸೊರಗುತ್ತದೆ. ಬೇಸಿಗೆಯಲ್ಲಿ ಪರೀಕ್ಷಿಸಿದಾಗ ಸರಿ ಇದ್ದದ್ದು ಮಳೆಗೆ ಕೈಕೊಟ್ಟದ್ದು ಹೀಗೆ. ಟ್ಯಾಬನ್ನು 5 ಗಿಗಾಹರ್ಟ್ಸ್‌ನಿಂದ 2.4ಕ್ಕೆ ಬದಲಾಯಿಸಿ, ಗೋಡೆ ದಾಟುವುದರಲ್ಲಿ ಅದೇ ವಾಸಿ. ಬುಕಿಂಗ್ ಪಟ್ಟಿ ಓದಲು ವೇಗ ಏನೂ ಬೇಡ. ಅದೂ ಸಾಲದಿದ್ದರೆ ಕೇಬಲ್ ಎಳೆಯುವುದೇ ಪರಿಹಾರ. ನಾವು ಕೊನೆಗೆ ಎಳೆದೆವು.

ಕೇಬಲ್ ಎಳೆಯಲು ಬಂದ ದಿನ ಶಿರಿಯ ಟ್ಯಾಬ್ ಚಾರ್ಜ್ ಆಗದೆ ಸತ್ತಿತ್ತು. ಚಾರ್ಜರ್ ಬದಲಾಯಿಸಿದರೂ ಇಲ್ಲ. ಗೋಡೆಯ ಪ್ಲಗ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ಇರುವೆ, ಬಿಳಿ ಮೊಟ್ಟೆ, ಮಣ್ಣು. ಮಳೆಗಾಲದಲ್ಲಿ ಅವಕ್ಕೂ ಬೆಚ್ಚಗಿನ ಜಾಗ ಬೇಕು. ಹಾಗೆಯೇ, ವರ್ಷಗಟ್ಟಲೆ ಚಾರ್ಜಿನಲ್ಲೇ ಇರುವ ಟ್ಯಾಬಿನ ಬೆನ್ನನ್ನು ಆಗಾಗ ಸವರಿ ನೋಡಿ. ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಒತ್ತಿ ಕೂರಿಸಬೇಡಿ, ಆರಿಸಿ, ಪ್ಲಗ್ ತೆಗೆದು ಗೋಡೆಯಿಂದ ಇಳಿಸಿ.

“ಮೊಗ್ರಾಲ್ ಅಂತ ಹುಡುಕಿದ್ರೆ ಸಿಗುವುದೇ ಇಲ್ಲ”

ನನಗೆ ಅತಿ ಹೆಚ್ಚು ನಿದ್ದೆ ಕೆಡಿಸಿದ್ದು ಇದು, ಮತ್ತು ಇದು ನಮ್ಮಂಥ ಊರಿನದ್ದೇ ದೋಷ. ಬಾಗಿಲ ಫಲಕ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಇದೆ, ಕೋಣೆಯ ಹೆಸರನ್ನೂ ಮೂರರಲ್ಲೂ ದಾಖಲಿಸಿದ್ದೆವು. ಕನ್ನಡದಲ್ಲಿ ಹುಡುಕಿದ ಮಾಷ್ಟ್ರಿಗೆ ಸಿಕ್ಕಿತು, ಅವರ ಸ್ನೇಹಿತರಿಗೆ ಸಿಗಲಿಲ್ಲ. ಇಬ್ಬರ ಪರದೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಅಕ್ಷರ, ಒಂದೇ ಗುಣಿತ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ‘ಮೊ’ ಅಕ್ಷರದ ಒತ್ವವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಜಾಗತಿಕ ಪಟ್ಟಿಯಾದ ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಇಡಬಹುದು: ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟು. ಪರದೆಯ ಮೇಲೆ ಎರಡೂ ‘ಮೊ’ ಆಗಿಯೇ ಮೂಡಬಹುದು. ಇದು ಮೊದಲನೆಯದು. ಎರಡನೆಯದು ಕಾಣದ ಅಕ್ಷರ. ‘ಮೊಗ್ರಾಲ್‌ನಲ್ಲಿ’ ಎಂದು ಬರೆಯುವಾಗ ‘ಲ್’ ಮತ್ತು ‘ನ’ ಒತ್ತಾಗಿ ಸೇರಿಹೋಗದಿರಲು ನಡುವೆ ಒಂದು ಕಾಣದ ತಡೆ ಹಾಕುತ್ತೇವೆ. ಯಾರೋ ವಾಟ್ಸಾಪ್ ಸಂದೇಶದ ಆ ಪದದಿಂದ ‘ಮೊಗ್ರಾಲ್’ ಅಷ್ಟನ್ನೇ ಕತ್ತರಿಸಿ ಹುಡುಕು ಪೆಟ್ಟಿಗೆಗೆ ಅಂಟಿಸಿದ್ದರು. ತಡೆಯೂ ಬಾಲದ ಹಾಗೆ ಜೊತೆಗೇ ಬಂದಿತ್ತು. ಮೂರನೆಯದು ಮಲಯಾಳದ್ದು. ಅಲ್ಲಿ ಪದದ ಕೊನೆಯ ‘ಲ್’ ಚಿಲ್ಲಕ್ಷರ, ಅಂದರೆ ಸ್ವರವಿಲ್ಲದ ವ್ಯಂಜನಕ್ಕೆ ಇರುವ ಬೇರೆಯೇ ರೂಪ. 2008ರ ಯುನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ ಸ್ವಂತ ಸ್ಥಾನ ಸಿಕ್ಕಿತು. ಅದಕ್ಕೂ ಮೊದಲು ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಕಾಣದ ಒಂದು ಸೇರುಗೆ, ಹೀಗೆ ಮೂರು ಸೇರಿಸಿ ಬರೆಯುತ್ತಿದ್ದರು. ಹಳೆಯ ಕೀಬೋರ್ಡುಗಳು ಈಗಲೂ ಹಾಗೆಯೇ ಬರೆಯುತ್ತವೆ.

ಪತ್ತೆ ಸುಲಭ: ಸಿಗದ ಪದವನ್ನು ಖಾಲಿ ಪುಟಕ್ಕೆ ಅಂಟಿಸಿ, ಕೊನೆಯಿಂದ ಒಂದೊಂದೇ ಅಳಿಸುತ್ತ ಬನ್ನಿ. ಒಂದು ಸಲ ಅಳಿಸುವ ಕೀಲಿ ಒತ್ತಿದಾಗ ಪರದೆಯಲ್ಲಿ ಏನೂ ಬದಲಾಗದಿದ್ದರೆ ಅಲ್ಲೊಂದು ಕಾಣದ ಅಕ್ಷರ ಕೂತಿದೆ. ಪರಿಹಾರ ಅಷ್ಟು ಸುಲಭವಲ್ಲ. ವ್ಯವಸ್ಥೆ ಒದಗಿಸಿದವರಿಗೆ ‘ಹುಡುಕುವ ಮೊದಲು ಎನ್‌ಎಫ್‌ಸಿ ರೂಪಕ್ಕೆ ತನ್ನಿ’ ಎಂದು ಕೇಳಬಹುದು. ಎರಡು ಬಗೆಯಲ್ಲಿ ಇಟ್ಟ ಒಂದೇ ಅಕ್ಷರವನ್ನು ಒಂದೇ ಬಗೆಗೆ ತರುವ ಯುನಿಕೋಡ್ ನಿಯಮ ಅದು. ಅದರಿಂದ ಒತ್ವದ ಗೋಳು ತೀರುತ್ತದೆ. ಕಾಣದ ತಡೆ ಹೋಗುವುದಿಲ್ಲ, ಹಳೆಯ ಚಿಲ್ಲೂ ಹೊಸ ಚಿಲ್ಲೂ ಒಂದಾಗುವುದಿಲ್ಲ. ಅವೆರಡಕ್ಕೆ ಬೇರೆಯೇ ನಿಯಮ ಬರೆಯಿಸಬೇಕು. ಇಂಗ್ಲಿಷಿನಲ್ಲಾದರೂ ನೆಮ್ಮದಿಯೇ ಎಂದರೆ ಅದೂ ಇಲ್ಲ, ‘ಶಿರಿಯ’ಕ್ಕೆ ಒಬ್ಬರು ಎಸ್ ಮಾತ್ರ ಹಾಕುತ್ತಾರೆ, ಇನ್ನೊಬ್ಬರು ಎಚ್ಚೂ ಸೇರಿಸುತ್ತಾರೆ.

ನಾವು ಕಾಯಲಿಲ್ಲ. ಪ್ರತಿ ಕೋಣೆಯ ಹೆಸರಿನ ಮೊದಲು ಸಂಖ್ಯೆ ಹಾಕಿದೆವು, ಫಲಕದ ಮೇಲೂ ದೊಡ್ಡದಾಗಿ ಬರೆದೆವು. 4 ಎಂದು ಒತ್ತಿದರೆ ಮೊಗ್ರಾಲ್. ಮರುದಿನವೇ ಮಾಷ್ಟ್ರು ಬಂದರು, “ಇದೂ ಸಿಗುವುದಿಲ್ಲ.” ನೋಡಿದರೆ ಕನ್ನಡ ಅಂಕಿಯಲ್ಲಿ ‘೪’ ಎಂದು ಒತ್ತಿದ್ದರು. ಅವರನ್ನು ಅಂಕಿ ಬದಲಾಯಿಸಿ ಎನ್ನುವಷ್ಟು ಧೈರ್ಯ ನನಗಿಲ್ಲ. ಕನ್ನಡದ ಅಂಕಿಯನ್ನೂ ಹೆಸರಿಗೆ ಸೇರಿಸಿದೆ.

“ನಾವು ಒಳಗೆ ಕೂತಿರುವಾಗಲೇ ಬಿಟ್ಟುಕೊಟ್ಟಿತು”

ಬುಕ್ ಮಾಡಿದವರು ಇಂತಿಷ್ಟು ನಿಮಿಷದಲ್ಲಿ ಟ್ಯಾಬಿನ ಮೇಲೆ ‘ಬಂದಿದ್ದೇನೆ’ ಒತ್ತದಿದ್ದರೆ ಕೋಣೆ ತಾನಾಗಿ ಬಿಡುಗಡೆ ಆಗುವ ಸೌಲಭ್ಯ ಇದು. ಟ್ಯಾಬ್ ಸಂಪರ್ಕ ಕಳೆದುಕೊಂಡಿದ್ದರೆ ಒತ್ತಿದ್ದು ಎಲ್ಲಿಗೂ ಮುಟ್ಟುವುದಿಲ್ಲ, ಸರ್ವರ್ ಪಾಪ ಯಾರೂ ಬಂದಿಲ್ಲ ಎಂದುಕೊಳ್ಳುತ್ತದೆ. ಹಾಗಾಗಿ ಈ ದೂರು ಬಂದರೆ ಟ್ಯಾಬಿನ ಕೊನೆಯ ನವೀಕರಣ ಮೊದಲು ನೋಡಿ. ಅದು ಸರಿ ಇದ್ದರೆ ನಿಮಿಷಗಳನ್ನು ನೋಡಿ. ಹತ್ತು ನಿಮಿಷ ನಮಗೆ ಸಾಲಲಿಲ್ಲ, ಹದಿನೈದು ಮಾಡಿದೆವು. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿಗೆ ಹೋದವರು ಒಂದೂವರೆಯ ಬುಕಿಂಗಿಗೆ ಓಡಿ ಬರುವುದು ಕಂಡು, ಆ ದಿನ ಮಧ್ಯಾಹ್ನದ ಮೊದಲ ಬುಕಿಂಗನ್ನೇ ಎರಡು ಗಂಟೆಗೆ ಸರಿಸಿದೆವು.

ಇದಕ್ಕೆ ಉಲ್ಟಾ ದೂರು: ಯಾರೂ ಬಾರದ ಬುಕಿಂಗ್ ಪ್ರತಿ ವಾರ ಬರುತ್ತಲೇ ಇದೆ. ಬುಕ್ ಮಾಡಿದವರು ನಮ್ಮಲ್ಲಿಂದ ಬಿಟ್ಟು ಹೋಗಿದ್ದಾರೆಯೇ ನೋಡಿ. ಖಾತೆ ಅಳಿಸಿದರೂ ಅವರ ಸರಣಿ ಕೋಣೆಯ ಕ್ಯಾಲೆಂಡರಿನಲ್ಲಿ ಉಳಿಯುತ್ತದೆ. ಖಾತೆ ಮುಚ್ಚುವ ಮೊದಲು ಸರಣಿ ರದ್ದು ಮಾಡಿಸಿ, ಆಮೇಲೆ ಕೀಲಿಕೈ ಹಿಂದೆ ತೆಗೆದುಕೊಳ್ಳಿ.

ಉಳಿದ ದೋಷ: ಪುಸ್ತಕ

ಮೇಲಿನ ಯಾವುದೂ ಅಲ್ಲದಿದ್ದರೆ ರಿಸೆಪ್ಷನ್ ಮೇಜಿನ ಡ್ರಾಯರ್ ಎಳೆದು ನೋಡಿ. ನಮ್ಮಲ್ಲಿ ಹಳೆಯ ರಿಜಿಸ್ಟರ್ ಅಲ್ಲಿ ಆರಾಮವಾಗಿ ಬದುಕಿತ್ತು. ಫೋನಿನಲ್ಲಿ ಕೇಳಿದವರಿಗೆ ರಿಸೆಪ್ಷನ್ನಿನ ಅಕ್ಕ ಅದರಲ್ಲಿ ಬರೆದುಕೊಂಡು ‘ಆಯ್ತು’ ಅನ್ನುತ್ತಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. ಹೊಸದರಲ್ಲಿ ಬೇರೆಯವರ ಹೆಸರಿಗೆ ಬುಕ್ ಮಾಡುವ ಅಧಿಕಾರವನ್ನು ನಾನು ಅವರ ಖಾತೆಗೆ ಕೊಟ್ಟಿರಲೇ ಇಲ್ಲ. ಕೇಳಿದವರಿಗೆ ಇಲ್ಲ ಎನ್ನಲು ಅವರಿಗೆ ಬರುವುದಿಲ್ಲ, ಪುಸ್ತಕವಾದರೂ ಕೈಗೆ ಸಿಗುತ್ತದೆ.

ಅಧಿಕಾರ ಕೊಟ್ಟೆ. ಒಂದು ಶನಿವಾರ ಸಂಜೆ ಇಬ್ಬರೂ ಕೂತು ಪುಸ್ತಕದಲ್ಲಿದ್ದ ಮುಂದಿನ ತಾರೀಕುಗಳನ್ನೆಲ್ಲ ಒಂದೊಂದಾಗಿ ಏರಿಸಿದೆವು, ಏರಿಸಿದ ಸಾಲಿಗೆ ಕೆಂಪು ಪೆನ್ನಿನಿಂದ ಗೆರೆ. ಮೂರು ಕಡೆ ಡಿಕ್ಕಿ ಸಿಕ್ಕಿತು, ಮೂವರಿಗೂ ಅಕ್ಕನೇ ಫೋನ್ ಮಾಡಿದರು. ಪುಸ್ತಕ ಎಸೆಯಲಿಲ್ಲ. ಈಗ ಬೆಳಿಗ್ಗೆ ಎಂಟೂವರೆಗೆ ಆ ದಿನದ ನಾಲ್ಕೂ ಕೋಣೆಗಳ ಪಟ್ಟಿಯನ್ನು ಮುದ್ರಿಸಿ ಅದರೊಳಗೆ ಇಡುತ್ತಾರೆ. ಇನ್ವರ್ಟರೂ ಕೈಕೊಟ್ಟ ದಿನ ಪೆನ್ಸಿಲಿನಲ್ಲಿ ಅದರ ಮೇಲೆಯೇ ಬರೆದು, ಕರೆಂಟು ಬಂದ ಮೇಲೆ ಏರಿಸುತ್ತಾರೆ.

ವಕೀಲರು ಆಪ್ ತೆಗೆದುಹಾಕಿದ್ದಾರೆ. ನ್ಯಾಯಾಲಯದಿಂದಲೇ ಫೋನ್ ಮಾಡುತ್ತಾರೆ, “ಅಕ್ಕಾ, ನಾಳೆ ಹತ್ತಕ್ಕೆ ಚಂದ್ರಗಿರಿ ನನಗೆ.” ಅಕ್ಕ ಕಂಪ್ಯೂಟರಿನಲ್ಲಿ ಹಾಕಿ, ಕೋಣೆಯಿಂದ ‘ಒಪ್ಪಿದೆ’ ಎಂದು ಬರುವವರೆಗೆ ಅವರನ್ನು ಲೈನಿನಲ್ಲೇ ನಿಲ್ಲಿಸುತ್ತಾರೆ. ಅಷ್ಟಾದ ಮೇಲೂ ಅತ್ತ ಕಡೆಯಿಂದ, “ಪುಸ್ತಕದಲ್ಲೂ ಬರ್ದಿಡಿ ಆಯ್ತಾ?”